ಕೋಡ್‌ನೊಳಗಿನ ಸದಾನಂದ

ನೆಂಟರು ಬರುತ್ತಾರೆ ಎಂದು ಗೊತ್ತಾಗುವ ತನಕ ನಮ್ಮ ಮನೆಯಲ್ಲಿ ಯಾರಿಗೂ ಕಸ ಕಾಣುವುದಿಲ್ಲ. ಫೋನು ಬಂದ ಮೇಲೆ ಸೋಫಾದ ಕೆಳಗಿನ ಸಾಕ್ಸು, ಫ್ರಿಜ್ಜಿನ ಮೇಲಿನ ಹಳೆಯ ಔಷಧದ ಚೀಟಿ, ಕುರ್ಚಿಗೆ ನೇತುಹಾಕಿದ ನನ್ನ ಬನಿಯನ್ ಎಲ್ಲವೂ ಹೆಂಡತಿಯ ಕಣ್ಣಿಗೆ ಒಟ್ಟಿಗೆ ಬೀಳುತ್ತವೆ. ಚೆಂಬೂರಿನ ನಮ್ಮ ಎರಡು ಕೋಣೆಯ ಸಂಸಾರಕ್ಕೆ ಒಪ್ಪುವ ಈ ಮಾತು ಪವಾಯಿಯ ನಮ್ಮ ಆಫೀಸಿಗೂ ಒಪ್ಪುತ್ತದೆಂದು ಈಚೆಗೆ ತಿಳಿಯಿತು. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಟೋಕನ್ ಕೊಟ್ಟು ಸಾಲು ನಡೆಸುವ ಪ್ರೋಗ್ರಾಮು ನಮ್ಮದು. ಇಷ್ಟು ವರ್ಷ ಬೀಗ ಹಾಕಿಟ್ಟಿದ್ದ ಅದರ ಕೋಡನ್ನು ಇಂಟರ್ನೆಟ್ಟಿನಲ್ಲಿ ತೆರೆದಿಡೋಣ, ಬೇಕಾದವರು ಓದಿ ತಿದ್ದಲಿ ಎಂದು ಕಂಪನಿ ತೀರ್ಮಾನಿಸಿತು. ತೆರೆಯುವ ಮೊದಲು ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಸ ಎಂದರೆ ಕನ್ನಡ. ಕೋಡಿನ ಸಾಲುಗಳ ನಡುವೆ ಮನುಷ್ಯರಿಗೆಂದು ಬರೆಯುವ ಟಿಪ್ಪಣಿಗಳಿರುತ್ತವೆ. ಯಂತ್ರ ಅವನ್ನು ಓದುವುದಿಲ್ಲ. ನಾನು ಧಾರವಾಡದವನು, ಎದುರು ಮೇಜಿನ ಸದಾನಂದ ಉಡುಪಿಯವನು. ಬಾಯಿಬಿಟ್ಟು ಮಾತಾಡಿದರೆ ಇಡೀ ಹಾಲಿಗೆ ಕೇಳುತ್ತದೆ. ಹಿಂದಿ-ಮರಾಠಿಯ ಈ ಆಫೀಸಿನಲ್ಲಿ ಕನ್ನಡ ಓದಬಲ್ಲವರು ಮಾತ್ರ ನಾವಿಬ್ಬರೇ. ಹೀಗಾಗಿ ಹನ್ನೊಂದು ವರ್ಷ ಟಿಪ್ಪಣಿಗಳಲ್ಲೇ ಹರಟಿದೆವು. ‘ಇದನ್ನು ಮುಟ್ಟಬೇಡ ಮಾರಾಯ, ಹೇಗೆ ನಡೀತದೆ ಅಂತ ನನಗೂ ಗೊತ್ತಿಲ್ಲ’ ಎಂದು ಅವನು ಬರೆದರೆ, ‘ಮುಟ್ಟಂಗಿಲ್ಲ ಬಿಡಪಾ, ನೀ ಊಟಕ್ಕ ಏಳು’ ಎಂದು ಕೆಳಗೆ ನಾನು. ನನ್ನ ಹೊಟ್ಟೆಯ ಸುತ್ತಳತೆಯ ಬಗ್ಗೆ ಅವನು ಬರೆದಿದ್ದನ್ನು ಇಲ್ಲಿ ಹೇಳಲಾರೆ.

ಸದಾನಂದ ತೀರಿಕೊಂಡು ನಾಲ್ಕು ವರ್ಷವಾಯಿತು. ರಜೆ ಹಾಕಿ ಊರಿಗೆ ಹೋದವನು ಮರಳಿ ಬರಲಿಲ್ಲ. ಕಾಯಿಲೆ ಇತ್ತೆಂಬುದು ನನಗೆ ಗೊತ್ತಾದದ್ದು ಅವನು ಹೋದ ಮೇಲೆಯೇ. ಎದುರಿಗೆ ಕೂತವನು ಒಂದು ಮಾತು ಹೇಳಲಿಲ್ಲವಲ್ಲ ಎಂದು ನನಗೆ ವಿಪರೀತ ಸಿಟ್ಟು. ಅಳುವುದಕ್ಕಿಂತ ಸಿಟ್ಟಾಗುವುದು ಸುಲಭ, ಮೇಲಾಗಿ ಅದನ್ನು ಆಫೀಸಿನಲ್ಲೂ ಮಾಡಬಹುದು. ಅವನ ಹೆಂಡತಿ ಎರಡು ಸಲ ಫೋನು ಮಾಡಿದಾಗಲೂ ನಾನು ಬಿಗಿದುಕೊಂಡೇ ಮಾತಾಡಿದೆ. ಈಗ ನೆನೆದರೆ ಸಂಕಟವಾಗುತ್ತದೆ.

ನಮ್ಮ ಮ್ಯಾನೇಜರ್ ನಿಶಾ ಹೊಸಬಳು, ವಿಜಯಪುರದವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ನಾನು ಒಂದೊಂದೇ ಟಿಪ್ಪಣಿ ಓದುವುದು, ಅವಳು ನಕ್ಕು ಅಳಿಸುವುದು, ಹೀಗೆ ಮೂರು ದಿನ ನಡೆಯಿತು. ಸತ್ತವನ ಜೋಕಿಗೆ ಎರಡನೆಯ ಸಲ ನಗುವುದು ಸುಲಭದ ಕೆಲಸವಲ್ಲ. ಮೂರನೆಯ ದಿನ, ಎಪ್ಪತ್ತು ದಾಟಿದವರನ್ನು ಸಾಲಿನ ಮುಂದಕ್ಕೆ ತರುವ ಭಾಗದಲ್ಲಿ, ನಾನು ಹಿಂದೆಂದೂ ನೋಡಿರದ ಟಿಪ್ಪಣಿಯೊಂದು ಕಂಡಿತು.

‘ಸೋಮವಾರ ಟೆಸ್ಟಿಗೆ ಹೋಗ್ಲಿಕ್ಕುಂಟು ಮಾರಾಯ. ಹೆದರಿಕೆ ಆಗ್ತದೆ, ಮನೆಯಲ್ಲಿ ಹೇಳ್ಲಿಲ್ಲ. ನೀನು ಒಟ್ಟಿಗೆ ಬರ್ತೀಯಾ?’

“ಅಂಕಲ್, ಇದ್ರಾಗ ಏನ್ ಬರ್ದಾರ? ಡಿಲೀಟ್ ಕರೂಂ ಕ್ಯಾ?” ಎಂದಳು ನಿಶಾ. ನಾನು ಆ ಸಾಲಿನ ಹಳೆಯ ದಾಖಲೆ ತೆರೆದೆ.

ನಮ್ಮಲ್ಲೊಂದು ನಿಯಮವಿದೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ಪೂರ್ತಿ ಓದಿ ಒಪ್ಪಿಗೆಯ ಗುಂಡಿ ಒತ್ತಬೇಕು. ನಾವಿಬ್ಬರೂ ಸ್ನೇಹದ ಹೆಸರಿನಲ್ಲಿ ಓದದೆಯೇ ಒತ್ತುತ್ತಿದ್ದೆವು. ಆ ಸಾಲಿನ ಪಕ್ಕದ ದಾಖಲೆಯಲ್ಲಿ ನನ್ನ ಹೆಸರಿತ್ತು, ಅವನು ಬರೆದ ಐದೇ ನಿಮಿಷಕ್ಕೆ: ‘ಓದಿದ್ದೇನೆ, ಒಪ್ಪಿಗೆ ಇದೆ.’ ಅದನ್ನು ನೋಡಿಕೊಂಡು ಅವನು ಸೋಮವಾರದವರೆಗೆ ಕಾದಿರಬೇಕು. ಆಮೇಲೆ ಒಬ್ಬನೇ ಹೋಗಿರಬೇಕು. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ.

ನನ್ನ ಮುಖ ನೋಡಿ ಏನು ತಿಳಿದಳೋ, ನಿಶಾ ಸಮಾಧಾನ ಹೇಳಿದಳು. ಹೊರಗೆ ಹೋಗುವುದು ಹೊಸ ಪ್ರತಿ ಮಾತ್ರವಂತೆ. ಯಾರು ಯಾವಾಗ ಏನು ಒಪ್ಪಿದರೆಂಬ ಹಳೆಯ ದಾಖಲೆ ಯಾರಿಗೂ ಕಾಣುವುದಿಲ್ಲವಂತೆ. ಅದನ್ನು ಕೇಳಿದೊಡನೆ, ಸದಾನಂದನ ನೆನಪಿಗಿಂತ ಮೊದಲು, ಸದ್ಯ ಬದುಕಿಕೊಂಡೆ ಎಂದು ನನಗನ್ನಿಸಿತು. ಅದಕ್ಕೇ ಇದನ್ನು ಇಲ್ಲಿ ಅಚ್ಚಿಗೆ ಕೊಟ್ಟಿದ್ದೇನೆ.