ಹೊತ್ತು ತಂದರೆ ಫೀಸಿಲ್ಲ

ನಮ್ಮ ಮನೆಯಲ್ಲಿ ಹೆಸರಿಲ್ಲದ ಪಾತ್ರೆಯಿಲ್ಲ. ತಟ್ಟೆ, ಲೋಟ, ಸೌಟು, ಕೊನೆಗೆ ಉಪ್ಪಿನಕಾಯಿ ಬಡಿಸುವ ಪುಟ್ಟ ಚಮಚದ ಮೇಲೂ ನನ್ನದೋ ನನ್ನ ಹೆಂಡತಿ ಸುಮಿತ್ರಳದೋ ಹೆಸರು ಚುಕ್ಕಿ ಚುಕ್ಕಿಯಾಗಿ ಕೆತ್ತಿದೆ. ಅಕ್ಕಪಕ್ಕದವರಿಗೆ ಸಾರು ಕೊಟ್ಟಾಗ, ಮದುವೆ ಮನೆಗೆ ಎರವಲು ಹೋದಾಗ ಪಾತ್ರೆ ದಾರಿ ತಪ್ಪಬಾರದೆಂದು ಹಿರಿಯರು ಮಾಡಿಕೊಂಡ ವ್ಯವಸ್ಥೆ ಇದು. ನಾನು ಕೆಲಸಕ್ಕಿದ್ದದ್ದೂ ಹೂಟಗಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ. ಯಾವ ಸಾಮಾನು ಯಾರದು ಎಂದು ಚೀಟಿ ಅಂಟಿಸುವುದೇ ಅಲ್ಲಿ ನನ್ನ ಹೊಟ್ಟೆಪಾಡು. ಇಷ್ಟೆಲ್ಲ ಪಳಗಿದ ನಾನು, ಒಂದು ಜೀವದ ಮುಂದೆ ನನ್ನ ಹೆಸರು ಬರೆಸಬೇಕಾದ ದಿನ ಎದುರು ಮನೆಯವರ ಹೆಸರು ಬರೆಸಿ ಬಂದೆ. ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿಬಿಡುತ್ತೇನೆ.

ರಾಮಕೃಷ್ಣನಗರದ ನಮ್ಮ ಬೀದಿಯಲ್ಲಿ ಆಗ ಇನ್ನೂ ಖಾಲಿ ಸೈಟುಗಳೇ ಹೆಚ್ಚು. ಅಂಥ ಒಂದು ಸೈಟಿನಲ್ಲಿ ಹುಟ್ಟಿ ಬೆಳೆದ ಒಂದು ಹೆಣ್ಣು ನಾಯಿ ಇತ್ತು. ಮೂಲೆ ಮನೆಯವರು ಅದನ್ನು ರಾಣಿ ಎನ್ನುತ್ತಿದ್ದರು, ಹಾಲಿನವನು ಕೆಂಚಿ ಎನ್ನುತ್ತಿದ್ದ, ಮಕ್ಕಳು ದಿನಕ್ಕೊಂದು ಹೆಸರು ಇಡುತ್ತಿದ್ದರು. ಅದರ ಬಣ್ಣ ಅಚ್ಚು ಬೆಲ್ಲದ್ದು. ನಾನು ಬೆಲ್ಲ ಎಂದು ಕರೆಯುತ್ತಿದ್ದೆ, ಅದೂ ಸುತ್ತ ಯಾರೂ ಇಲ್ಲದಾಗ. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಬರುವವರೆಗೆ ಅದು ನನ್ನ ಪಕ್ಕದಲ್ಲಿ ಕೂತಿರುತ್ತಿತ್ತು. ಸಂಜೆ ಬಸ್ಸಿಳಿದರೆ ಅದೇ ಜಾಗದಲ್ಲಿ ಎದ್ದು ಮೈಮುರಿಯುತ್ತಿತ್ತು. ನಾನು ಊಟದ ಡಬ್ಬಿಯಲ್ಲಿ ಬೇಕೆಂದೇ ಅರ್ಧ ಚಪಾತಿ ಉಳಿಸುತ್ತಿದ್ದೆ. ನಿಜ ಹೇಳಬೇಕೆಂದರೆ, ಇಡೀ ದಿನದಲ್ಲಿ ನನ್ನನ್ನು ನೋಡಿ ಸಂತೋಷಪಡುತ್ತಿದ್ದುದು ಅದೊಂದೇ. ಸುಮಿತ್ರಳಿಗೆ ಇದು ಗೊತ್ತಿತ್ತು. "ಅನ್ನ ಹಾಕಿ, ನಾನೇನೂ ಬೇಡ ಅನ್ನಲ್ಲ. ನಮ್ಮದು ಅಂತ ಮಾತ್ರ ಅನ್ಬೇಡಿ. ಅಂದ ದಿನದಿಂದ ಅದರ ಕಷ್ಟ ಎಲ್ಲಾ ನಮ್ಮದಾಗುತ್ತೆ" ಎಂದು ಮೊದಲೇ ಹೇಳಿದ್ದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಅಂದಿರಲಿಲ್ಲ.

ಎದುರು ಮನೆಯ ಗುರುಸಿದ್ದಪ್ಪನವರು ಖಜಾನೆ ಇಲಾಖೆಯಿಂದ ನಿವೃತ್ತರಾದವರು. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಬೀದಿದೀಪ ಉರಿಯದಿದ್ದರೆ ಅರ್ಜಿ, ನಲ್ಲಿ ಸೋರಿದರೆ ಅರ್ಜಿ. ಬೀದಿಯವರಿಗೆ ಅವರನ್ನು ಕಂಡರೆ ಮರ್ಯಾದೆಗಿಂತ ಭಯವೇ ಹೆಚ್ಚಾಗಿ, ಅವರ ಗೇಟಿನ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಒಂದು ಭಾನುವಾರ ಅವರು ಒಂದು ಹಾಳೆ ಹಿಡಿದು ನಮ್ಮ ಮನೆಗೆ ಬಂದರು. ಬೀದಿನಾಯಿಗಳನ್ನು ಹಿಡಿಸಿಕೊಂಡು ಹೋಗಬೇಕೆಂದು ನಗರಪಾಲಿಕೆಗೆ ಅರ್ಜಿ. ಮೊದಲ ಸಹಿ ಅವರದು. "ಹಾಕಿ ನಿಂಗರಾಜು ಅವ್ರೇ, ಸಾರ್ವಜನಿಕ ಕೆಲಸ" ಎಂದು ಪೆನ್ನಿನ ಟೋಪಿ ತೆಗೆದು ಕೊಟ್ಟರು. ಟೋಪಿ ತೆಗೆದ ಪೆನ್ನನ್ನು ಹಿಂದಕ್ಕೆ ಕೊಡುವ ಧೈರ್ಯ ನನಗೆ ಹುಟ್ಟಿನಿಂದಲೂ ಇಲ್ಲ. ಎರಡನೆಯ ಸಹಿ ನಾನು ಹಾಕಿದೆ. ಮಾರನೆಯ ದಿನ ಬಸ್‌ಸ್ಟಾಪಿನಲ್ಲಿ ಬೆಲ್ಲನ ಮುಖ ನೋಡಲಾಗದೆ ಪೂರ್ತಿ ಚಪಾತಿ ಹಾಕಿದೆ.

ಅರ್ಜಿಗೆ ಪಾಲಿಕೆಯವರು ಉತ್ತರ ಕೊಡಲಿಲ್ಲ. ಅದಾಗಿ ಎರಡು ವಾರಕ್ಕೆ ನೀರಿನ ಟ್ಯಾಂಕರಿನ ಚಕ್ರಕ್ಕೆ ಬೆಲ್ಲನ ಹಿಂಗಾಲು ಸಿಕ್ಕಿತು. ಶನಿವಾರ, ನನಗೆ ರಜೆ. ಅದು ಕೂಗಿದ್ದು ಕೇಳಿ ಬಾಗಿಲು ತೆರೆದವರೆಲ್ಲ ಹೊರಗೆ ಬಂದು, ಅಯ್ಯೋ ಪಾಪ ಎಂದು, ಮತ್ತೆ ಬಾಗಿಲು ಹಾಕಿಕೊಂಡರು. ಹಿಂದಿನ ದಿನದವರೆಗೂ ಎಲ್ಲರ ರಾಣಿಯಾಗಿದ್ದ ನಾಯಿ ಅರ್ಧ ಗಂಟೆಯೊಳಗೆ ಯಾರದೂ ಅಲ್ಲದ ನಾಯಿಯಾಗಿತ್ತು. ನಾನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಆಟೋ ಹತ್ತಿಸಿದೆ. ಸುಮಿತ್ರ ಗೇಟಿನಲ್ಲಿ ನಿಂತು ನೋಡಿದಳು.

ಮೊದಲು ಸರ್ಕಾರಿ ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಹಳ್ಳಿಗಳ ಕಡೆ ದನಗಳಿಗೆ ಲಸಿಕೆ ಹಾಕಲು ಹೋಗಿದ್ದರು. ಅಲ್ಲಿದ್ದ ಕಾಂಪೌಂಡರು ಒಳ್ಳೆಯ ಮನುಷ್ಯ. ಗಾಯಕ್ಕೆ ನೇರಳೆ ಬಣ್ಣದ ಔಷಧ ಹಚ್ಚಿ, "ಮೂಳೆ ಕೆಲಸ ನನ್ನಿಂದಾಗಲ್ಲ ಸ್ವಾಮಿ, ಸೋಮವಾರ ಬನ್ನಿ" ಎಂದು ಒಂದು ಪೈಸೆ ತೆಗೆದುಕೊಳ್ಳದೆ ಕಳಿಸಿದ. ಪುಕ್ಕಟೆಯಾಗಿ ನಮಗೆ ಸಿಕ್ಕಿದ್ದು ಸೋಮವಾರ. ಅಲ್ಲಿಂದ ಹೊಸದಾಗಿ ತೆರೆದಿದ್ದ ಒಂದು ಕ್ಲಿನಿಕ್ಕಿಗೆ. ಗಾಜಿನ ಬಾಗಿಲು, ಮೀನಿನ ತೊಟ್ಟಿ, ನಮ್ಮ ಮನೆಯ ಸೋಫಾಕ್ಕಿಂತ ಮೆತ್ತಗಿನ ಸೋಫಾ. ಕೌಂಟರಿನ ಹುಡುಗಿ ಯಾವ ಜಾತಿ ಎಂದು ಕೇಳಿದಳು. ನಾನು ಗಾಬರಿಯಲ್ಲಿ ನಮ್ಮ ಜಾತಿ ಹೇಳಲು ಬಾಯಿ ತೆರೆದಿದ್ದೆ. ಅಲ್ಲಿಯ ಡಾಕ್ಟರು ಚೆನ್ನಾಗಿಯೇ ಪರೀಕ್ಷೆ ಮಾಡಿದರು. ಎಕ್ಸ್‌ರೇ, ಸ್ಟೀಲಿನ ಕಡ್ಡಿ, ಐದು ದಿನ ಅಲ್ಲೇ ಇರಬೇಕು ಎಂದರು. ಅವರು ಹೇಳಿದ ಮೊತ್ತ ನನ್ನ ಒಂದು ತಿಂಗಳ ಸಂಬಳದ ಹತ್ತಿರಕ್ಕೆ ಬರುತ್ತಿತ್ತು. ಅವರನ್ನು ದೂರುವಂತಿಲ್ಲ, ಗಾಜಿಗೂ ಮೀನಿಗೂ ಖರ್ಚಿರುತ್ತದೆ. ಆದರೆ ಬೆಡ್‌ಶೀಟಿನೊಳಗಿನಿಂದ ಅದು ನನ್ನನ್ನೇ ನೋಡುತ್ತಿದ್ದಾಗ ನಾನು ಮನಸ್ಸಿನಲ್ಲಿ ಫ್ರಿಜ್ಜಿನ ಕಂತು ಕೂಡಿಸುತ್ತಿದ್ದೆನಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೊರಗೆ ಬಂದಾಗ ಆಟೋದವನು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡ. "ಬುಡಿ ಸಾರ್, ಲಷ್ಕರ್ ಮೊಹಲ್ಲಾದಲ್ಲಿ ಜಟಕಾ ಕುದ್ರೆ ನೋಡೋ ಡಾಕ್ಟ್ರು ಒಬ್ರು ಅವ್ರೆ. ಕುದ್ರೆ ಕಾಲೇ ಕೂಡಿಸ್ತಾರೆ, ಇದ್ಯಾವ ಲೆಕ್ಕ" ಎಂದ. ಆ ಓಣಿಯೊಳಗೆ ಆಟೋ ಹೋಗುವುದಿಲ್ಲ. ತಿರುವಿನಲ್ಲಿ ಇಳಿದು ಬೆಲ್ಲನನ್ನು ಎತ್ತಿಕೊಂಡು ನಡೆದೆ. ಒಂದು ಹಳೆಯ ಮನೆಯ ಜಗಲಿಯೇ ಆಸ್ಪತ್ರೆ. ಒಂದು ಜಟಕಾ ಕುದುರೆ, ಎರಡು ಆಡು, ಬುಟ್ಟಿಯಲ್ಲಿ ಒಂದು ಹುಂಜ ಕಾಯುತ್ತಿದ್ದವು. ರೋಗಿಗಳೆಲ್ಲ ನನಗಿಂತ ಸಮಾಧಾನದಿಂದಿದ್ದವು. ಸರ್ಕಾರಿ ಕೆಲಸದಿಂದ ನಿವೃತ್ತರಾದ, ಬಿಳಿ ಗಡ್ಡದ ಡಾಕ್ಟರ್ ಸಾಹೇಬರು ಕುದುರೆಯ ಗೊರಸು ಹಿಡಿದು ಕೂತಿದ್ದರು. ಫೀಸು ಎಷ್ಟು ಎಂದು ಅವರ ಕಾಂಪೌಂಡರನ್ನು ಮೆಲ್ಲಗೆ ಕೇಳಿದೆ. "ಅದು ನೀವು ಹೆಂಗೆ ಬಂದ್ರಿ ಅನ್ನೋದ್ರ ಮೇಲೆ. ಕಾರಲ್ಲಿ ಬಂದ್ರೆ ಒಂದು ರೇಟು, ಆಟೋಗೆ ಒಂದು, ನಡೆಸ್ಕೊಂಡ್ ಬಂದ್ರೆ ಅದರಲ್ಲಿ ಅರ್ಧ. ಹೊತ್ಕೊಂಡ್ ಬಂದ್ರೆ ಸಾಹೇಬ್ರು ಫೀಸು ಮುಟ್ಟಲ್ಲ, ಔಷಧದ ದುಡ್ಡು ಅಷ್ಟೆ" ಎಂದ.

ಅಷ್ಟರಲ್ಲಿ ಸಾಹೇಬರು ತಲೆಯೆತ್ತಿ, "ಎಲ್ಲಿಂದ ಹೊತ್ಕೊಂಡ್ ಬಂದ್ರಿ?" ಎಂದರು.

"ರಾಮಕೃಷ್ಣನಗರದಿಂದ" ಎಂದೆ. ಸುಳ್ಳೇನಲ್ಲ, ನಾವು ಬಂದದ್ದು ಅಲ್ಲಿಂದಲೇ. ಅವರು ನನ್ನ ಬೆವರನ್ನೂ ಅಂಗಿಯ ಮೇಲಿನ ರಕ್ತವನ್ನೂ ನೋಡಿದರು. "ಅಲ್ಲಿಂದ ಇಲ್ಲೀವರೆಗೂ" ಎಂದು ಕಾಂಪೌಂಡರ ಕಡೆ ತಿರುಗಿದರು. ತಿರುವಿನಲ್ಲಿ ಆಟೋ ಕಾಯುತ್ತಿದೆ ಎಂದು ಹೇಳಲು ಒಳ್ಳೆಯ ಸಮಯ ಅದು. ನಾನು ಹಣೆ ಒರೆಸಿಕೊಂಡೆ.

ನಾಯಿಗೆ ಮತ್ತು ಬರಿಸುವ ಸೂಜಿ ಚುಚ್ಚುವ ಮುಂಚೆ ಒಂದು ರಿಜಿಸ್ಟರು ಬಂತು. ಪ್ರಾಣಿಯ ಹೆಸರು ಕೇಳಿದರು, ಬೆಲ್ಲ ಎಂದೆ. ಮೊದಲ ಸಲ ನಾಲ್ಕು ಜನರ ಮುಂದೆ ಅಂದದ್ದು. ಯಜಮಾನರ ಹೆಸರು, ವಿಳಾಸ ಎಂದರು. ಹೆಚ್ಚುಕಮ್ಮಿಯಾದರೆ ತಮ್ಮ ಜವಾಬ್ದಾರಿಯಲ್ಲ ಎಂಬ ಸಾಲಿನ ಕೆಳಗೆ ಸಹಿ ಬೇರೆ ಮಾಡಬೇಕಿತ್ತು. ನನಗೆ ಸುಮಿತ್ರಳ ಮಾತು ನೆನಪಾಯಿತು. ಪಾಲಿಕೆಯಲ್ಲೆಲ್ಲೋ ಬಿದ್ದಿರುವ ಅರ್ಜಿಯೂ ಅದರ ಎರಡನೆಯ ಸಹಿಯೂ ನೆನಪಾದವು. ಬೆಳಗಿನಿಂದ ಆ ಅರ್ಜಿ ಬರೆದವರನ್ನು ಬೈದುಕೊಳ್ಳುತ್ತಲೇ ಇದ್ದುದರಿಂದ ಅವರ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. "ಯಜಮಾನರು ಗುರುಸಿದ್ದಪ್ಪನವರು. ನಾನು ಎದುರು ಮನೆಯವನು, ಅವರ ಪರವಾಗಿ ಬಂದಿದ್ದೀನಿ" ಎಂದೆ. ಅವರ ಮನೆಯ ನಂಬರು ಕೊಟ್ಟೆ. ಪರವಾಗಿ ಎಂದು ಬರೆದು ಸಹಿ ಗೀಚಿದೆ.

ಸಾಹೇಬರು ಬೆರಳುಗಳಿಂದಲೇ ಮೂಳೆ ಹುಡುಕಿ ಕೂಡಿಸಿ, ಬಿದಿರಿನ ದಬ್ಬೆ ಇಟ್ಟು ಪ್ಲಾಸ್ಟರು ಹಾಕಿದರು. ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅದರ ಕಿವಿಯ ಹತ್ತಿರ ಉರ್ದುವಿನಲ್ಲಿ ಏನೋ ಹೇಳುತ್ತಲೇ ಇದ್ದರು. ಒಳ್ಳೆಯ ಚಿಕಿತ್ಸೆ ಎಂದರೆ ಏನು ಎಂದು ನನ್ನನ್ನು ಯಾರಾದರೂ ಕೇಳಿದರೆ ನನಗೆ ಆ ಬೆರಳುಗಳೇ ಕಣ್ಣ ಮುಂದೆ ಬರುತ್ತವೆ. ಅಂಥ ಬೆರಳು ಗಾಜಿನ ಬಾಗಿಲಿನ ಹಿಂದೆಯೂ ಇರಬಹುದು. ನನಗೆ ಅವು ಸಿಕ್ಕಿದ್ದು ಜಗಲಿಯಲ್ಲಿ, ಒಂದು ಅರ್ಧ ಸುಳ್ಳಿನ ಬೆಲೆಗೆ.

ಬೆಲ್ಲನಿಗೆ ಗುರುಸಿದ್ದಪ್ಪನವರ ಕಾಂಪೌಂಡಿನ ಹೊರಗೆ, ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿದೆ. ಬೀದಿಯಲ್ಲಿ ನೆರಳಿದ್ದದ್ದು ಅಲ್ಲೊಂದೇ ಕಡೆ. ಮನೆಯಿಂದ ಒಂದು ಸ್ಟೀಲ್ ತಟ್ಟೆ ಎತ್ತಿಕೊಂಡು ಹೋಗಿ ಹಾಲು ಅನ್ನ ಕಲಸಿಟ್ಟೆ. ತಟ್ಟೆ ಎಲ್ಲಿ ಎಂದು ಸುಮಿತ್ರ ಕೇಳಿದಾಗ ಕಾರ್ಖಾನೆಯಲ್ಲಿ ಮರೆತು ಬಂದೆ ಎಂದೆ. ಗುರುಸಿದ್ದಪ್ಪನವರು ಪ್ಲಾಸ್ಟರಿನ ಕಾಲು ನೋಡಿ ಗೊಣಗಿದರೇ ಹೊರತು ಓಡಿಸಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಆದರೆ ಸಾಹೇಬರಿಗೆ ಒಂದು ಅಭ್ಯಾಸವಿತ್ತು. ಅವರು ತಮ್ಮ ರೋಗಿಗಳಿಗೆ ಪೋಸ್ಟ್ ಕಾರ್ಡು ಬರೆಯುತ್ತಿದ್ದರು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಗುರುಸಿದ್ದಪ್ಪನವರು ಗೇಟಿನಲ್ಲಿ ನಿಂತು ಕಾರ್ಡನ್ನು ಇಡೀ ಬೀದಿಗೆ ಕೇಳುವಂತೆ ಓದಿದರು. "ತಮ್ಮ ನಾಯಿ ಬೆಲ್ಲನ ಪ್ಲಾಸ್ಟರು ತೆಗೆಯುವ ದಿನ ಬಂದಿದೆ. ಜೊತೆಗೆ ಲಸಿಕೆಯನ್ನೂ ಹಾಕಿಸತಕ್ಕದ್ದು." ಆಮೇಲೆ, "ನನ್ನ ನಾಯಿಯಂತೆ ಕಣ್ರೀ. ಯಾರು ಮಾಡಿದ್ದು ಇದನ್ನ? ಹೋಗಿ ವಿಚಾರಿಸ್ತೀನಿ" ಎಂದು ಕೊಡೆ ಹಿಡಿದು ಹೊರಟರು. ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದೆ. ಸಾಯಂಕಾಲ ಅವರು ವಾಪಸ್ಸು ಬಂದರು. ನಮ್ಮ ಮನೆಯ ಕಡೆ ತಿರುಗಿಯೂ ನೋಡದೆ, ಹೊಂಗೆ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದರು. ಮಾರನೆಯ ದಿನ ಒಂದು ಆಟೋ ಬಂತು. ಅವರೇ ನಾಯಿಯನ್ನು ಎತ್ತಿ ಕೂರಿಸಿದರು.

ಆಮೇಲೆ ನಡೆದದ್ದು ನನ್ನ ಕೈಮೀರಿ ಹೋಯಿತು. ಗೋಣಿಚೀಲ ಕಾಂಪೌಂಡಿನ ಒಳಗೆ ಹೋಯಿತು, ಅಲ್ಲಿಂದ ವರಾಂಡಕ್ಕೆ. ವರ್ಷಕ್ಕೊಂದು ಕಾರ್ಡು ಬರುತ್ತಿತ್ತು. ಬಂದ ದಿನ ಗುರುಸಿದ್ದಪ್ಪನವರು ಬಿಳಿ ಪಂಚೆಯುಟ್ಟು, ನಾಯಿಗೆ ಹತ್ತಿಯ ಹಗ್ಗ ಕಟ್ಟಿ, ಲಷ್ಕರ್ ಮೊಹಲ್ಲಾದವರೆಗೆ ನಡೆದೇ ಹೋಗುತ್ತಿದ್ದರು. ನಡೆಸಿಕೊಂಡು ಹೋದರೆ ಅರ್ಧ ಫೀಸಲ್ಲವೇ. ನಾಯಿ ನೋಡುವ ನೆಪದಲ್ಲಿ ಮಕ್ಕಳು ಅವರ ಗೇಟಿನ ಮುಂದೆ ನಿಲ್ಲತೊಡಗಿದರು, ಮಕ್ಕಳನ್ನು ಕರೆಯುವ ನೆಪದಲ್ಲಿ ತಾಯಂದಿರು. ಬೆಳಿಗ್ಗೆ ಬೆಲ್ಲ ಕುಂಟುತ್ತ ನನ್ನ ಜೊತೆ ಬಸ್‌ಸ್ಟಾಪಿಗೆ ಬರುತ್ತಿತ್ತು, ಆದರೆ ಅರ್ಧ ದಾರಿಯಲ್ಲಿ ಹಿಂದಿನಿಂದ "ಬೆಲ್ಲಾ" ಎಂದು ಕರೆ ಬಂದರೆ ತಿರುಗಿ ಹೊರಟುಬಿಡುತ್ತಿತ್ತು. ನಾನು ಗುಟ್ಟಿನಲ್ಲಿ ಇಟ್ಟ ಹೆಸರನ್ನು ಅವರು ಬಾಯಿ ತುಂಬ ಕರೆಯುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ನಿಜ ಹೇಳಿಬಿಡಬೇಕು ಎಂದು ಎಷ್ಟೋ ಸಲ ಅವರ ಗೇಟಿನವರೆಗೆ ಹೋಗಿ, ಇವತ್ತು ಪೇಪರ್ ಬಂತಾ ಸಾರ್ ಎಂದು ಕೇಳಿ ವಾಪಸ್ಸಾದೆ.

ನಾಲ್ಕು ವರ್ಷದ ನಂತರ ಒಂದು ಭಾನುವಾರ ಅವರೇ ಬಂದರು. ಕೈಯಲ್ಲಿ ಆ ತಟ್ಟೆ.

"ಬೆಲ್ಲನಿಗೆ ಹೆಸರು ಹಾಕಿಸಿ ಹೊಸದು ತಂದೆ. ಇದರ ಮೇಲೆ ನಿಮ್ಮ ಹೆಸರಿದೆ. ಹೆಸರಿದ್ದೋರ ಸಾಮಾನು ಅವರಿಗೆ ಸೇರ್ಬೇಕು" ಎಂದರು.

ಹೇಳುವುದಾದರೆ ಈಗಲೇ ಎಂದುಕೊಂಡೆ. "ಸಾರ್, ಆ ರಿಜಿಸ್ಟರಿನಲ್ಲಿ" ಎಂದು ಶುರು ಮಾಡಿದೆ.

"ಗೊತ್ತು ಬಿಡಿ" ಎಂದರು. "ಅವತ್ತು ಜಗಳಕ್ಕೇ ಅಂತ ಹೋಗಿದ್ದೆ. ನಾನು ಬಾಯಿ ತೆಗೆಯೋಕೆ ಮುಂಚೆ ಆ ಡಾಕ್ಟ್ರು ನನ್ನ ಕೈ ಹಿಡ್ಕೊಂಡ್ರು. 'ನಿಮ್ಮೊಂದು ಮಾತಿಗೆ ಎದುರು ಮನೆಯೋರು ರಾಮಕೃಷ್ಣನಗರದಿಂದ ನಿಮ್ಮ ನಾಯೀನ ಹೊತ್ತು ತಂದ್ರಲ್ಲ, ನೀವು ಅಂಥ ಯಜಮಾನ್ರು' ಅಂದ್ರು. ಮೂವತ್ತು ಮೂರು ವರ್ಷ ಸರ್ವಿಸು ಮಾಡಿದೀನಿ, ನನ್ನ ಹೆಸರನ್ನ ಯಾರೂ ಅಷ್ಟು ಚೆನ್ನಾಗಿ ಹೇಳಿರ್ಲಿಲ್ಲ. ನನ್ನದಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ ಕಣ್ರೀ." ತಟ್ಟೆ ನನ್ನ ಕೈಗಿಟ್ಟು, "ನಾಯಿ ಬೇಡ ಅಂತ ಸಹಿ ಹಾಕಿದೋರೂ ನೀವೇ, ಬೇಕು ಅಂತ ನನ್ನ ಹೆಸರು ಬರೆಸಿದೋರೂ ನೀವೇ. ನಿಮಗೆ ಬೇಕಾಗಿದ್ದು ಯಾವುದು ಅಂತ ನೀವು ಹೇಳಲೇ ಇಲ್ಲ. ನಾಲ್ಕು ವರ್ಷ ಕಾದೆ" ಎಂದರು. ಗೇಟಿನಲ್ಲಿ ಬೆಲ್ಲ ನಮ್ಮಿಬ್ಬರನ್ನೂ ನೋಡುತ್ತ ಕೂತಿತ್ತು. ಅವರು ಹೊರಟ ಕೂಡಲೇ ಎದ್ದು ಅವರ ಹಿಂದೆ ಹೋಯಿತು.

ನಾನು ತಟ್ಟೆ ಹಿಡಿದು ಒಳಗೆ ಬಂದೆ. ಸುಮಿತ್ರ ಅದನ್ನು ಕಂಡು ಹಿಗ್ಗಿದಳು. "ನಮ್ಮ ಮದುವೇಲಿ ಸೋದರಮಾವ ಕೊಟ್ಟಿದ್ದಲ್ವೇ ಇದು? ಎಲ್ಲಿ ಸಿಕ್ತು, ಕಾರ್ಖಾನೇಲಾ?" ಎಂದಳು. ಹ್ಞೂಂ ಎಂದೆ. ಅವಳು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದಳು. ನಾಲ್ಕು ವರ್ಷ ದಿನಕ್ಕೆರಡು ಸಲ ನೆಕ್ಕಿಸಿಕೊಂಡಿದ್ದರಿಂದಲೋ ಏನೋ, ನನ್ನ ಹೆಸರು ಹೊಸದಾಗಿ ಕೆತ್ತಿದಂತೆ ಹೊಳೆಯುತ್ತಿತ್ತು. ರಾತ್ರಿ ಅದರಲ್ಲೇ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿ, ಇನ್ನು ಮೇಲೆ ನಿಮಗೆ ಇದೇ ತಟ್ಟೆ ಎಂದಳು. ಬೇಡವೆಂದರೆ ಕಾರಣ ಹೇಳಬೇಕಾಗುತ್ತದೆ. ಅಂದಿನಿಂದ ಇಂದಿನವರೆಗೂ ನಾನು ಅದರಲ್ಲೇ ಊಟ ಮಾಡುತ್ತಿದ್ದೇನೆ.