ಶಾಲೆಯಲ್ಲಿ ಟೀಚರು, ಮನೆಯಲ್ಲಿ ಅಮ್ಮ

ತೆಕ್ಕಟ್ಟೆಯಿಂದ ಬ್ರಹ್ಮಾವರದವರೆಗೆ ಯಾರ ಮನೆಯ ಮದುವೆಗೆ ಹೋದರೂ ನನಗೆ ಇದು ತಪ್ಪಿದ್ದಲ್ಲ. ಊಟದ ಪಂಕ್ತಿಯಲ್ಲಿ ಹಲ್ಲು ಹೋದ ಯಾರೋ ಒಬ್ಬರು ನನ್ನನ್ನು ದಿಟ್ಟಿಸಿ, "ಹ್ವಾಯ್, ನೀವ್ ಟೀಚರ್ ಮಗಳಲ್ದಾ?" ಎನ್ನುತ್ತಾರೆ. ಹೌದೆಂದರೆ ಮುಗಿಯಿತು, ಪಾಯಸ ಬರುವ ತನಕ ಅಮ್ಮನ ಕತೆ. ನನಗೂ ಎಪ್ಪತ್ತು ದಾಟಿತು, ಕೇಳಿ ಕೇಳಿ ದಣಿದಿದ್ದೇನೆ. ಅದರ ಮೇಲೆ ಅವರು ಹೇಳುವುದರಲ್ಲಿ ಅರ್ಧ ತಪ್ಪು. ಅದಕ್ಕೇ ಒಮ್ಮೆ ನಾನೇ ಬರೆದು ಕೈತೊಳೆದುಕೊಳ್ಳೋಣ ಅಂತ ಕೂತೆ.

ಯುದ್ಧದ ಕಾಲ, ನಲವತ್ತರ ದಶಕ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು; ವರ್ಷಕ್ಕೊಮ್ಮೆ ಬಂದರೆ ಬಂದರು. ಅಮ್ಮ ತೆಕ್ಕಟ್ಟೆ ಕಡೆಯ ಒಂದು ಬೋರ್ಡು ಶಾಲೆಯಲ್ಲಿ ಟೀಚರು. ಬೆಳಗಿನ ಜಾವ ಎದ್ದು ಮಿಂದು, ದೇವರಿಗೆ ದೀಪ ಹಚ್ಚಿ, ವಿಷ್ಣು ಸಹಸ್ರನಾಮ ಹೇಳುತ್ತಲೇ ಗಂಜಿ ಬೇಯಿಸಿ, ಹಾಸಿಗೆ ಹಿಡಿದ ಅಜ್ಜಿಗೆ ಉಣಿಸಿ, ನನ್ನ ಜಡೆ ಹೆಣೆದು, ಎರಡು ಮೈಲಿ ನಡೆದು ಶಾಲೆ ಮುಟ್ಟುತ್ತಿದ್ದಳು. ಅವಳು ಕೂತು ಉಂಡದ್ದನ್ನು ನಾನು ಹೆಚ್ಚು ಕಂಡಿಲ್ಲ. ನಿಂತಲ್ಲೇ ನಿದ್ದೆ ಮಾಡಿದ್ದನ್ನು ಬೇಕಾದಷ್ಟು ಕಂಡಿದ್ದೇನೆ.

ತಾಯಿಯ ಸಹಿ

ಮೂರನೇ ಕ್ಲಾಸಿನಲ್ಲಿ ಅಮ್ಮನೇ ನನ್ನ ಟೀಚರು. ಶಾಲೆಯ ಮೆಟ್ಟಿಲು ಹತ್ತಿದ ಮೇಲೆ "ಅಮ್ಮ" ಎನ್ನುವ ಹಾಗಿಲ್ಲ. ಒಮ್ಮೆ ಬಾಯಿ ತಪ್ಪಿ ಅಂದದ್ದಕ್ಕೆ ಬೆಂಚಿನ ಮೇಲೆ ನಿಂತಿದ್ದೆ.

ಒಂದು ದಿನ ನಾನು ಕಾಪಿ ಬರೆದಿರಲಿಲ್ಲ. ಬೇರೆ ಮಕ್ಕಳಿಗೆ ಮಾಡುವಂತೆ ನನ್ನ ಪುಸ್ತಕದಲ್ಲೂ ಕೆಂಪು ಶಾಯಿಯಲ್ಲಿ ಬರೆದಳು: "ನಿಮ್ಮ ಮಗಳು ಕಾಪಿ ಬರೆಯುತ್ತಿಲ್ಲ. ವಿಚಾರಿಸಿ, ತಾಯಿಯ ಸಹಿ ಹಾಕಿ ಕಳಿಸುವುದು."

ಸಂಜೆ ಅಮ್ಮ ಒರಳ ಮುಂದೆ ಕೂತು ಅಕ್ಕಿ ಅರೆಯುತ್ತಿದ್ದಳು. ನಾನು ಪುಸ್ತಕ ಹಿಡಿದು ನಿಂತೆ.

"ಅಮ್ಮ, ಟೀಚರ್ ಸಹಿ ಹಾಕ್ಸ್ಕಂಡ್ ಬಪ್ಕ್ ಹೇಳಿರ್."

"ಕೈಯೆಲ್ಲ ಹಿಟ್ಟ್. ಆಮೇಲ್ ಕಾಂಬ."

ಆಮೇಲೆ ಅಜ್ಜಿಯ ಕಾಲಿಗೆ ಎಣ್ಣೆ, ಆಮೇಲೆ ದೇವರ ಮುಂದೆ ಭಜನೆ, ಆಮೇಲೆ ಅಮ್ಮ ಗೋಡೆಗೆ ಒರಗಿದವಳು ಒರಗಿದಲ್ಲೇ ನಿದ್ದೆ. ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ. ನಿಜ ಹೇಳಬೇಕೆಂದರೆ ಧೈರ್ಯವೂ ಬರಲಿಲ್ಲ.

ಮರುದಿನ ಕ್ಲಾಸಿನಲ್ಲಿ ಸರದಿ ನನ್ನ ತನಕ ಬಂತು. "ಸಹಿ ಎಲ್ಲಿತ್ತ್?"

"ಅಮ್ಮಂಗ್ ಪುರ್ಸೊತ್ತಾಯಿಲ್ಲೆ, ಟೀಚರ್ರೆ."

ಅಮ್ಮನಿಗೆ ಆಗಿನ್ನೂ ಅರೆನಿದ್ದೆಯೇ ಇರಬೇಕು. ಮೇಜು ಗುದ್ದಿ ಕೇಳಿದಳು: "ಮಗಳ ಪುಸ್ತಕ ಕಾಂಬುಕೂ ಪುರ್ಸೊತ್ತಿಲ್ದಿದ್ ಅದೆಂತ ತಾಯಿ? ನಾಳೆ ಅವ್ಳನ್ನ ಕರ್ಕಂಡ್ ಬಾ, ನಾನ್ ಕೇಂತೆ!"

ನೂರೆಂಟು

ಐದನೇ ಕ್ಲಾಸಿನ ಮಕ್ಕಳು ಪಾಸಾಗಲಿ ಎಂದು ಅಮ್ಮ ಪ್ರತಿ ವರ್ಷ ಊರ ಗಣಪತಿಗೆ ನೂರೆಂಟು ಪ್ರದಕ್ಷಿಣೆಯ ಹರಕೆ ಹೇಳಿಕೊಳ್ಳುತ್ತಿದ್ದಳು. ಪರೀಕ್ಷೆ ಬರೆಯುವವರು ಅವರು, ಕಾಲು ನೋಯುವುದು ಅಮ್ಮನಿಗೆ.

ಒಂದು ವರ್ಷ ಶಾಲೆ ಬಿಟ್ಟ ಕೂಡಲೇ ಊಟಕ್ಕೂ ನಿಲ್ಲದೆ ದೇವಸ್ಥಾನಕ್ಕೆ ಬಂದಳು. ನಲವತ್ತನೆಯ ಸುತ್ತಿನಲ್ಲಿ ಒಬ್ಬರು ಅಡ್ಡ ಬಂದು, "ನಮ್ಮ ಮಾಣಿ ಹ್ಯಾಂಗ್ ಓದ್ತಾ, ಟೀಚರ್ರೆ?" ಎಂದರು. ಅಮ್ಮ ಸುತ್ತುತ್ತಲೇ ಹೇಳಿದಳು. ಅವರೂ ಜೊತೆಗೆ ಸುತ್ತುತ್ತಲೇ ಕೇಳಿದರು. ಅವರು ಹೋದ ಮೇಲೆ ನೋಡಿದರೆ ಲೆಕ್ಕ ತಪ್ಪಿತ್ತು. ದೇವರ ಎದುರು ಅಂದಾಜಿನಲ್ಲಿ ಮುಗಿಸುವುದು ಹೇಗೆ? ಮತ್ತೆ ಒಂದರಿಂದ ಶುರು ಮಾಡಿದಳು.

ಕೊನೆಗೆ ಕಂಬ ಹಿಡಿದು ಕೂತಾಗ ಅವಳಿಗೆ ಉಸಿರೇ ಇರಲಿಲ್ಲ. ಮುದಿ ಅರ್ಚಕರು ತೀರ್ಥ ತಂದು ಕೊಟ್ಟು, "ನೂರ ಐವತ್ತೊಂದು ಆಯ್ತ್, ಟೀಚರ್ರೆ. ನಾನ್ ಮೊದ್ಲಿಂದ ಎಣಿಸ್ತಾ ಇದ್ದೆ" ಅಂದರು.

"ಅಯ್ಯೋ! ಹಾಂಗಾರೆ ನೂರೆಂಟಾದಾಗ್ಳೇ ಹೇಳೂಕಾಗ್ದಾ?"

ಅರ್ಚಕರು ಮುಖ ಸಣ್ಣದು ಮಾಡಿ ಹೇಳಿದರು: "ಲೆಕ್ಕ ಕಲ್ಸುವವ್ರ್ ನೀವ್. ನಿಮ್ಗ್ ನಾನ್ ಹ್ಯಾಂಗ್ ಹೇಳುದ್?"

ಗೋವಿಂದ

ಅಮ್ಮ ಆಗಲೇ ಇಪ್ಪತ್ತು ವರ್ಷ ಪಾಠ ಹೇಳಿದ್ದಳು. ಹಾಗಾಗಿ ಯಾರ ಜಗಲಿಯಲ್ಲಿ ಹತ್ತು ಜನ ಕೂತರೂ ಅವರಲ್ಲಿ ಏಳು ಮಂದಿ ಅವಳ ಕೈಯಲ್ಲಿ ಅ ಆ ತಿದ್ದಿದವರೇ.

ಊರಿನ ಜಮೀನ್ದಾರ ಒಡೇರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಹೋಗದಿದ್ದರೆ ಅಮ್ಮನಿಗೆ ಸಮಾಧಾನವಿಲ್ಲ, ಹೋದರೆ ಕಣ್ಣು ನಿಲ್ಲುವುದಿಲ್ಲ. ಕಥೆ ಎರಡನೆಯ ಅಧ್ಯಾಯಕ್ಕೆ ಬರುವಾಗ ಕೈ ಮುಗಿದುಕೊಂಡೇ ನಿದ್ದೆ ಹೋಗಿದ್ದಳು. ನೋಡಿದವರಿಗೆ ಧ್ಯಾನದ ಹಾಗೆ ಕಾಣುತ್ತಿತ್ತು. ನಾನು ಪಕ್ಕದಲ್ಲಿ ಕೂತು, ಗೊರಕೆ ಬಂದರೆ ಚಿವುಟಲು ತಯಾರಾಗಿದ್ದೆ.

ಅಧ್ಯಾಯ ಮುಗಿಯಿತು. ಪುರೋಹಿತರು ದೊಡ್ಡ ದನಿಯಲ್ಲಿ "ಗೋವಿಂದಾ!" ಎಂದರು. ಜಗಲಿ ತುಂಬ ಗಲಾಟೆ. ಬೆಚ್ಚಿ ಎಚ್ಚರಾದ ಅಮ್ಮ ಎಲ್ಲಿದ್ದೇನೆಂದು ತಿಳಿಯದೆ ಗದರಿಸಿದಳು: "ಎಂತ ಗಲಾಟಿ ಅದ್? ಕೈ ಕಟ್ಟಿ, ಬಾಯ್ ಮುಚ್ಚಿ!"

ಜಗಲಿ ಗಪ್‌ಚಿಪ್. ಒಡೇರು ಕೈಕಟ್ಟಿ ಕೂತರು. ಅವರ ಅಳಿಯ ಕೈಕಟ್ಟಿ ಕೂತ. ಮೂರನೆಯ ಅಧ್ಯಾಯ ಮಾತ್ರ ಎಷ್ಟು ಹೊತ್ತಾದರೂ ಶುರುವಾಗಲಿಲ್ಲ. ಏನೆಂದು ನೋಡಿದರೆ, ಪುರೋಹಿತರೂ ಬಾಯಿ ಮುಚ್ಚಿ ಕೈಕಟ್ಟಿ ಕೂತಿದ್ದರು.

ಕೆರಾಡಿಯ ಹೊಸ ವಿದ್ಯಾರ್ಥಿ

ಅಜ್ಜಿ ತೀರಿಕೊಂಡ ಮರುವರ್ಷ ಅಮ್ಮನಿಗೆ ಕೆರಾಡಿ ಕಡೆಗೆ ವರ್ಗವಾಯಿತು. ಕಾಡಿನ ಅಂಚಿನಲ್ಲಿ ಮುಳಿಹುಲ್ಲು ಹೊದೆಸಿದ ಮಾಡಿನ ಶಾಲೆ, ಅದಕ್ಕೆ ಅಮ್ಮ ಒಬ್ಬಳೇ ಟೀಚರು. ನಾವು ಅಲ್ಲಿಗೆ ಹೋದ ತಿಂಗಳಲ್ಲೇ ಕಾಗದ ಬಂತು: ಇನ್‌ಸ್ಪೆಕ್ಟರು ಬರುವ ದಿನ ಇಪ್ಪತ್ತು ಮಕ್ಕಳು ಹಾಜರಿಲ್ಲದಿದ್ದರೆ ಶಾಲೆ ಮುಚ್ಚಲಾಗುವುದು. ಮುಚ್ಚಿದರೆ ಇನ್ನೊಂದು ಶಾಲೆಗೆ ಕಾಡಿನಲ್ಲಿ ಆರು ಮೈಲಿ. ಅಂದರೆ ಆ ಮಕ್ಕಳ ಓದು ಅಲ್ಲಿಗೇ ಸರಿ.

ಇನ್‌ಸ್ಪೆಕ್ಟರು ಬಂದದ್ದು ಭತ್ತದ ಸಸಿ ನೆಡುವ ನಟ್ಟಿಯ ಕಾಲದಲ್ಲಿ. ಆ ಬೆಳಿಗ್ಗೆ ಕ್ಲಾಸಿನಲ್ಲಿ ನನ್ನನ್ನೂ ಸೇರಿಸಿ ಮೂವರಿದ್ದೆವು. ಶಾಲೆಗೆ ಜಾಗ ಕೊಟ್ಟಿದ್ದ ಯಜಮಾನರು ಓಡಿ ಬಂದು ಪಿಸುಗುಟ್ಟಿದರು: "ಎಲ್ಲರಿಗೂ ಹಾಜರಿ ಹಾಕ್ ಬಿಡಿನಿ, ಟೀಚರ್ರೆ. ಯಾರ್ ಕಾಂತ್ರ್?"

"ದೇವ್ರ್ ಕಾಂಬುದಿಲ್ಯಾ?" ಅಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಶಾಲಿ ಮುಚ್ಚಿರೆ ನಾಲ್ಕ್ ದಿನ ಮನಿಕಂಡ್ ನಿದ್ದಿ ಮಾಡುಕಾರೂ ಆತಿತ್ತ್" ಎಂದು ಉಸಿರು ಬಿಟ್ಟು, ಹಾಜರಿ ಪುಸ್ತಕ ತೆಗೆದುಕೊಂಡು ಎದ್ದಳು. ಅಷ್ಟರಲ್ಲಿ ಕೊಡೆ ಮಡಚುತ್ತ ಒಳಗೆ ಕಾಲಿಟ್ಟ ಇನ್‌ಸ್ಪೆಕ್ಟರಿಗೆ, "ಮಕ್ಕಳು ಗದ್ದೆಯಲ್ಲಿದ್ದಾರೆ. ಬನ್ನಿ ಸಾರ್, ತೋರಿಸುತ್ತೇನೆ" ಎಂದಳು.

ಮಳೆ ಹೊಯ್ಯುತ್ತಿತ್ತು. ಇನ್‌ಸ್ಪೆಕ್ಟರು ಬೂಟು ಕೈಯಲ್ಲಿ ಹಿಡಿದು ಹಿಂದೆ ಬಂದರು. ಅಮ್ಮ ಗದ್ದೆಯ ಅಂಚಿನಲ್ಲಿ ನಿಂತು, ತಲೆಯ ಮೇಲೆ ಹೊದ್ದ ಎಲೆಯ ಗೊರಬಿನ ಒಳಗೆ ಪುಸ್ತಕ ಬಿಚ್ಚಿ ಹೆಸರು ಕರೆಯತೊಡಗಿದಳು. ಕೆಸರಿನಿಂದ, ಅಗೆಸಸಿಯ ಕಟ್ಟುಗಳ ಹಿಂದಿನಿಂದ "ಹಾಜರ್!" "ಹಾಜರ್, ಟೀಚರ್ರೆ!" ಎಂದು ದನಿಗಳೆದ್ದವು. ಒಂದು ಹೆಸರಿಗೆ ಮಾತ್ರ ಬೊಚ್ಚುಬಾಯಿಯ ದನಿ ಬಂತು.

ಅಮ್ಮ ತಲೆಯೆತ್ತಿದಳು. "ಅಜ್ಜಯ್ಯ, ನಾನ್ ಕರ್ದದ್ ನಿಮ್ಮ ಮೊಮ್ಮಗನ್ನ."

"ಅವಂಗ್ ಜ್ವರ. ಅವ್ನ ಬದ್ಲಿಗ್ ನಾನಿದ್ದೆ."

"ಆತಿಲ್ಲೆ, ಅಜ್ಜಯ್ಯ."

ಎಲ್ಲ ಮುಗಿದಾಗ ನಮ್ಮ ಮೂವರನ್ನೂ ಸೇರಿಸಿ ಹತ್ತೊಂಬತ್ತು. ಇನ್‌ಸ್ಪೆಕ್ಟರು, "ಒಂದು ಕಮ್ಮಿ ಆಯಿತಲ್ಲ" ಎಂದರು. ನಟ್ಟಿ ನಿಂತಿತು. ಅಮ್ಮನ ತುಟಿ ದೇವರ ನಾಮ ಹೇಳುತ್ತಿತ್ತು.

ಅಜ್ಜಯ್ಯ ಕೆಸರಿನಿಂದ ಕಾಲು ಕಿತ್ತು ಅಂಚು ಹತ್ತಿದ. "ಹಾಂಗಾರೆ ನನ್ನ ಹೆಸ್ರೇ ಬರ್ಕಣಿ. ಒಂದನೇ ಕ್ಲಾಸಿಗೆ."

"ನಿಮಗೆ ವಯಸ್ಸೆಷ್ಟು?" ಎಂದು ಕೇಳಿದರು ಇನ್‌ಸ್ಪೆಕ್ಟರು.

"ಒಂದನೇ ಕ್ಲಾಸಿಗ್ ಎಷ್ಟ್ ಬೇಕ್?"

ಇನ್‌ಸ್ಪೆಕ್ಟರು ಬೂಟನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದರು: "ಐದು ವರ್ಷ ತುಂಬಿರಬೇಕು ಅಂತ ಇದೆ. ಎಷ್ಟು ಮೀರಬಾರದು ಅಂತ ಎಲ್ಲೂ ಇಲ್ಲ. ಬರೆದುಕೊಳ್ಳಿ, ಟೀಚರೇ." ಅಮ್ಮ ಬರೆದುಕೊಂಡಳು. ಶಾಲೆ ಉಳಿಯಿತು.

ಅಜ್ಜಯ್ಯನಿಗೆ ಕತೆ ಅಲ್ಲಿಗೇ ಮುಗಿಯಿತೆಂಬ ಲೆಕ್ಕ. ಅಮ್ಮನಿಗೆ ಹಾಗಲ್ಲ. ಹೆಸರು ಬರೆದ ಮೇಲೆ ಬರದಿದ್ದರೆ ಅದು ಸುಳ್ಳಾಯಿತಲ್ಲ! ನಟ್ಟಿ ಮುಗಿದ ಸೋಮವಾರವೇ ಅವನ ಮನೆಗೆ ಹೋಗಿ ಕರೆದುಕೊಂಡು ಬಂದಳು. ಅಜ್ಜಯ್ಯ ಮೊಮ್ಮಗನ ಪಕ್ಕದಲ್ಲಿ ಸ್ಲೇಟು ಹಿಡಿದು ಕೂತ. ಎರಡು ವಾರ ಕಳೆಯುವಷ್ಟರಲ್ಲಿ ಅವನಿಗೆ ಶಾಲೆ ಎಷ್ಟು ಹಿಡಿಸಿತೆಂದರೆ, ದನಗಂಟಿ ಮೇಯಲು ಬಿಡುವುದು, ಕಟ್ಟಿಗೆ ಒಡೆಯುವುದು ಎಲ್ಲ ನಿಂತೇಹೋಯಿತು.

ಒಂದು ದಿನ ಅವನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"ಟೀಚರ್ರೆ, ಇವ್ರ್ ಮನೆಲಿ ಒಂದ್ ಕೆಲ್ಸ ಮಾಡುದಿಲ್ಲೆ. ಕೇಂಡ್ರೆ, 'ನಂಗ್ ಓದುಕಿತ್ತ್' ಅಂತ್ರ್."

"ನಾನೆಂತ ಮಾಡ್ಲಿ, ಅಜ್ಜಿ?"

ಅಜ್ಜಿ ಮೇಜಿನ ಮೇಲಿದ್ದ ಬೆತ್ತ ನೋಡಿದಳು, ಗಂಡನನ್ನು ನೋಡಿದಳು, ಆಮೇಲೆ ಕೈ ಮುಗಿದಳು.

"ಮದುವಿ ಆದಾಗಿಂದ ನನ್ನ ಕೈಲಿ ಆಯಿಲ್ಲೆ, ಟೀಚರ್ರೆ. ನೀವಾರೂ ಎರಡ್ ಹೊಡಿನಿ!"