ಎಣ್ಣೆ ಹಚ್ಚದ ಬೆಲ್ಟು

ಗಂಡ ಮನೆಗೆ ಬಂದರೆಂದು ತಿಳಿಯುವುದು ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಸದ್ದಿನಿಂದ. ಹಲಸೂರಿನ ನಮ್ಮ ಜೋಗುಪಾಳ್ಯದ ಬೀದಿಯಲ್ಲಿ ಕೆಳಗಿನ ಮನೆಯವರದು ಸ್ಕೂಟರು. ಎದುರು ಮನೆಯವರದು ಕೆಮ್ಮು. ಅದು ಬೀದಿಯ ತಿರುವಿನಲ್ಲೇ ಶುರುವಾಗಿ ಬಾಗಿಲ ಹತ್ತಿರ ಮುಗಿಯುತ್ತಿತ್ತು. ನಮ್ಮ ಯಜಮಾನರದು ಬೆಲ್ಟು. ಅವರು ಸಬ್ ಇನ್‌ಸ್ಪೆಕ್ಟರು. ಸೊಂಟಕ್ಕೆ ನಾಲ್ಕು ಬೆರಳಗಲದ ಚರ್ಮದ ಬೆಲ್ಟು, ಹೆಗಲ ಮೇಲಿಂದ ಇಳಿದು ಅದಕ್ಕೆ ಸೇರುವ ಪಟ್ಟಿ, ಬಲಗಡೆ ಪೌಚು, ಅದರೊಳಗೆ ರಿವಾಲ್ವರು. ಇಷ್ಟೂ ಹೊತ್ತುಕೊಂಡು ಅವರು ನಮ್ಮ ಮಹಡಿ ಮೆಟ್ಟಿಲು ಹತ್ತಿದರೆ, ಪಟ್ಟಿ ಬೆಲ್ಟಿಗೆ ಸೇರುವ ಹಿತ್ತಾಳೆ ಬಳೆಯ ಹತ್ತಿರ ಕಿರ್... ಕಿರ್... ಅನ್ನುವುದು. ಮೊದಲನೇ ಕಿರ್ ಕೇಳಿಸಿದ ಕೂಡಲೇ ನಾನು ಒಲೆ ಹಚ್ಚಿ ಎಸರಿಡುತ್ತಿದ್ದೆ. ಅವರು ಬೂಟು ಕಳಚಿ, ಕೈಕಾಲು ತೊಳೆದು, ಪೇಪರು ನೋಡಿ ಕೂರುವಷ್ಟರಲ್ಲಿ ತಟ್ಟೆಯಲ್ಲಿ ಹೊಗೆಯಾಡುವ ಮುದ್ದೆ.

ಪೊಲೀಸಿನವರ ಊಟಕ್ಕೆ ಹೊತ್ತುಗೊತ್ತು ಎಲ್ಲಿಯದು? ಒಂದು ದಿನ ಮಧ್ಯಾಹ್ನ ಒಂದು ಗಂಟೆ, ಇನ್ನೊಂದು ದಿನ ನಾಲ್ಕು. "ಅಲ್ವೇ, ಯಾವಾಗ ಬಂದ್ರೂ ಮುದ್ದೆ ಬಿಸಿಯಾಗೇ ಇರತ್ತಲ್ಲ, ನಾನು ಬರೋದು ನಿಂಗೆ ಹೇಗೆ ಗೊತ್ತಾಗತ್ತೆ?" ಅಂತ ಅವರು ಕೇಳುತ್ತಿದ್ದರು. "ಪತಿವ್ರತೆಯರಿಗೆ ಗೊತ್ತಾಗತ್ತೆ ಬಿಡಿ" ಅನ್ನುತ್ತಿದ್ದೆ ನಾನು, ಕತ್ತು ಕೊಂಕಿಸಿ. ಪುಕ್ಕಟೆ ಬಂದ ಮಹಿಮೆಯನ್ನು ಯಾರು ಬಿಡುತ್ತಾರೆ ಹೇಳಿ.

ಹಾಗಾಗಿ ಆ ಬೆಲ್ಟಿಗೆ ಎಣ್ಣೆ ಹಚ್ಚುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಅಂದರೆ, ಹಚ್ಚದೆ ಇರುವ ಕೆಲಸವನ್ನು. ಭಾನುವಾರ ಹರಳೆಣ್ಣೆ ತಗೊಂಡು ಬೆಲ್ಟನ್ನೆಲ್ಲ ತೀಡಿ ಫಳಫಳ ಅನ್ನಿಸಿ, ಆ ಹಿತ್ತಾಳೆ ಬಳೆಯ ಜಾಗ ಮಾತ್ರ ಒಣಗಿದ ಹಾಗೇ ಬಿಡುತ್ತಿದ್ದೆ. "ಎಷ್ಟು ತಿಕ್ಕಿದ್ರೂ ಕಿರ್ ಅನ್ನತ್ತಲ್ಲೇ, ಕಳ್ಳರಿಗೆ ನಾನೇ ಸೈರನ್ ಹೊಡ್ಕೊಂಡು ಹೋದ ಹಾಗಾಗತ್ತೆ" ಅಂತ ಗೊಣಗುತ್ತಿದ್ದರು. ಚರ್ಮ ಹಳೇದು ರೀ, ಅಂದುಬಿಡುತ್ತಿದ್ದೆ. ನನ್ನಿಂದ ಎಷ್ಟು ಜನ ಕಳ್ಳರು ತಪ್ಪಿಸಿಕೊಂಡರೋ, ಆ ಪಾಪ ನನ್ನ ತಲೆ ಮೇಲಿದೆ.

ಚರ್ಮ ಮಾತ್ರ ಚರ್ಮವೇ. ಸರ್ಕಾರ ಕೊಟ್ಟದ್ದು ಸೊಂಟಕ್ಕೆ ಒತ್ತುತ್ತದೆ ಅಂತ ಇವರು ಶಿವಾಜಿನಗರದ ಒಬ್ಬ ಮುದುಕ ಸಾಬರ ಹತ್ತಿರ ಸ್ವಂತಕ್ಕೆ ಹೊಲಿಸಿದ್ದರು. ಆತ ಮೇಣ ಸವರಿದ ದಾರ ಎಳೆಯುತ್ತಾ, "ಸಾಬ್, ನನ್ದೂ ಗ್ಯಾರಂಟಿ ಇಲ್ಲ, ನಿಮ್ದೂ ಗ್ಯಾರಂಟಿ ಇಲ್ಲ. ಇದಕ್ಕೆ ಐತೆ" ಅಂದಿದ್ದ. ಎಂಥ ಬಾಯಿ ನೋಡಿ ಅಂತ ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದೆ.

ಇನ್ನು ರಿವಾಲ್ವರಿನ ಶೌರ್ಯ ಕೇಳಿ. ವರ್ಷಕ್ಕೊಮ್ಮೆ ಪ್ರಾಕ್ಟೀಸಿನಲ್ಲಿ ಬಿಟ್ಟರೆ ಅದು ಒಂದು ಸೊಳ್ಳೆಯನ್ನೂ ಹೊಡೆಯಲಿಲ್ಲ. ಮನೆಯಲ್ಲಿ ಇವರು ಕೇಸ್ ಡೈರಿ ಬರೆಯುವಾಗ ಫ್ಯಾನಿಗೆ ಹಾಳೆ ಹಾರದ ಹಾಗೆ ಅದನ್ನು ಮೇಲಿಡುತ್ತಿದ್ದರು. ಅದಕ್ಕೂ ಮೊದಲು ಗುಂಡುಗಳನ್ನೆಲ್ಲ ತೆಗೆದು, ಮಕ್ಕಳ ಕೈಗೆ ಸಿಗಬಾರದು ಅಂತ ಅಡುಗೆಮನೆಯ ಸಾಸಿವೆ ಡಬ್ಬಿಯೊಳಗೆ ಬಚ್ಚಿಡುವುದು. ಒಂದು ದಿನ ಅವಸರದಲ್ಲಿ ಒಗ್ಗರಣೆಗೆ ಸಾಸಿವೆ ತೆಗೆದರೆ ಚಮಚದಲ್ಲಿ ಗುಂಡು! ಎಣ್ಣೆ ಕಾದಿತ್ತು. ಇನ್ನೊಂದು ಗಳಿಗೆ ಹೋಗಿದ್ದರೆ ಹಲಸೂರಿನ ಇತಿಹಾಸದಲ್ಲಿ ಹುರುಳಿ ಸಾರಿಗೆ ಬಲಿಯಾದವಳು ನಾನೊಬ್ಬಳೇ ಆಗುತ್ತಿದ್ದೆ.

ರಿಟೈರಾದ ದಿನ ರಿವಾಲ್ವರು ಸ್ಟೇಷನ್ನಿನಲ್ಲೇ ಉಳಿಯಿತು, ಇವರು ಮನೆಗೆ ಬಂದರು. ಆಮೇಲೆ ಚಪ್ಪಲಿ ಹಾಕಿಕೊಂಡು ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದು ಹಿಂದೆ ನಿಂತಿರುತ್ತಿದ್ದರು. "ಕೆಮ್ಮಿಕೊಂಡಾದ್ರೂ ಬನ್ರೀ, ಎದೆ ಒಡೆದುಹೋಗತ್ತೆ" ಅಂತ ರೇಗುತ್ತಿದ್ದೆ. ನಾಲ್ಕು ವರ್ಷ ಹಾಗೆ ಓಡಾಡಿದರು. ಕೊನೆಗೆ ಹೋಗುವಾಗಲೂ ಸದ್ದು ಮಾಡಲಿಲ್ಲ, ಕುರ್ಚಿಯಲ್ಲಿ ಕೂತವರು ಕೂತ ಹಾಗೇ ಹೋದರು. ಸಾಬರ ಗ್ಯಾರಂಟಿ ಮಾತು ನಿಜವಾಯಿತು.

ಬೆಲ್ಟು ಅಡುಗೆಮನೆಯ ಮೊಳೆಗೆ ಬಂತು. ಸುಮ್ಮನೆ ಏಕಿರಬೇಕು? ಹೆಗಲ ಪಟ್ಟಿಯನ್ನು ಸುತ್ತಿ ತಿರುಗಿಸಿದರೆ ಎಂಥ ಬಿಗಿ ಮುಚ್ಚಳವೂ ಬಿಚ್ಚಿಕೊಳ್ಳುತ್ತದೆ. ಪೌಚಿನಲ್ಲಿ ನನ್ನ ಕನ್ನಡಕ, ಕತ್ತರಿ, ಟಿವಿ ರಿಮೋಟು. ಆದರೆ ಮೊಳೆಯ ಮೇಲೆ ಅದು ತುಟಿಪಿಟಕ್ಕೆನ್ನದು.

ಮೊನ್ನೆ ನಾಗರಾಜ ಬಂದ. ಮೊದಲು ಕಾನ್‌ಸ್ಟೇಬಲ್ ಆಗಿದ್ದು, ಇವರನ್ನು ಬೈಕಿನಲ್ಲಿ ಮನೆಯ ಮೆಟ್ಟಿಲ ತನಕ ಬಿಟ್ಟು ಹೋಗುತ್ತಿದ್ದ ಹುಡುಗ. ಪರೀಕ್ಷೆ ಕಟ್ಟಿ ಈಗ ಎಸ್ಐ ಆಗಿದ್ದಾನೆ. "ಅಮ್ಮಾ, ಹೊಸ ಪಿಸ್ತೂಲು ಪ್ರಾಕ್ಟೀಸಲ್ಲಿ ಎರಡು ಸಲ ಸಿಕ್ಕಾಕ್ಕೊಂಡ್ಬಿಡ್ತು. ಸರ್ ಕಟ್ತಿದ್ದ ಆ ಹಳೇ ರಿವಾಲ್ವರ್ ಇದೆಯಲ್ಲ, ಆರಕ್ಕೆ ಆರೂ ಠಣ್ ಅಂತ ಹೋಯ್ತು. ಕೇಳಿ ಅದನ್ನೇ ಇಸ್ಕೊಂಡೆ. ಈಗ ಬರೋ ನೈಲಾನ್ ಪೌಚಲ್ಲಿ ಅದು ಕೂರಲ್ಲ, ಹೊಟ್ಟೆ ದಪ್ಪ. ಸರ್ ಬೆಲ್ಟು ಇದೆಯಾ?" ಅಂದ. ಬೆಲ್ಟು ಅವನ ಬೆನ್ನ ಹಿಂದೆ, ಗೋಡೆಯಾಚೆ ನೇತಾಡುತ್ತಿತ್ತು. "ಎಲ್ಲಿಟ್ಟಿದೀನೋ ಏನೋಪ್ಪ, ಹುಡುಕಿ ನೋಡ್ತೀನಿ" ಅಂದೆ. ಪೊಲೀಸಿನವನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ಅವನು ಹೋದಮೇಲೆ ಬಾಗಿಲು ಹಾಕಿಕೊಂಡು ಸೀರೆಯ ಮೇಲೇ ಬೆಲ್ಟು ಬಿಗಿದು ಹಾಲಿನಲ್ಲಿ ಓಡಾಡಿದೆ. ಒಂದೇ ಒಂದು ಸಲ ಆ ಸದ್ದು ಕೇಳಬೇಕಿತ್ತು. ಇಲ್ಲ. ಭಾರ ಸಾಲದು ಅಂತ ಪೌಚಿಗೆ ಶುಂಠಿ ಕುಟ್ಟುವ ಕಲ್ಲು ಹಾಕಿ ನಡೆದೆ. ಆಗಲೂ ಕಿರ್ ಅನ್ನಲಿಲ್ಲ, ಕಲ್ಲು ಜಾರಿ ಕಾಲ ಮೇಲೆ ಬಿತ್ತು. "ಏನ್ರೀ ಅದು?" ಅಂತ ಕೆಳಗಿನ ಮನೆಯವರು ಕೂಗಿದರು. ಊದಿದ ಹೆಬ್ಬೆರಳು ಹಿಡಿದು ಕೂತಾಗ ಬುದ್ಧಿ ಬಂತು. ಆ ಸದ್ದು ಬರೀ ಬೆಲ್ಟಿನದಲ್ಲ, ಆ ರಿವಾಲ್ವರು ಜಗ್ಗಿದರೇ ಬರುವುದು. ಇಟ್ಟುಕೊಂಡರೆ ಚರ್ಮ ಉಳಿಯುತ್ತದೆ, ಸದ್ದು ಸಿಗುವುದಿಲ್ಲ.

ಮಾರನೇ ದಿನವೇ ನಾಗರಾಜನನ್ನು ಕರೆಸಿದೆ. ಅವನು ಬೆಲ್ಟು ಕಟ್ಟಿ, ಗುಂಡು ತೆಗೆದ ರಿವಾಲ್ವರನ್ನು ಪೌಚಿಗೆ ಇಳಿಬಿಟ್ಟ. ತವರಿಗೆ ಬಂದ ಮಗಳ ಹಾಗೆ ಕೂತಿತು. "ನೋಡಪ್ಪ, ಆ ಬಳೆ ಹತ್ತಿರ ಮಾತ್ರ ಎಣ್ಣೆ ಹಚ್ಚಬೇಡ" ಅಂದೆ.

"ಗೊತ್ತಮ್ಮಾ" ಅಂದ.

"ಏನು ಗೊತ್ತು ನಿಂಗೆ?"

ಅವನು ನಗುತ್ತಾ ತಲೆ ಕೆರೆದುಕೊಂಡ. "ಸರ್ ಬೈಕ್ ಇಳಿದು ಕೆಳಗಿನ ಮೆಟ್ಟಿಲಲ್ಲಿ ನಿಂತ್ಕೊಂಡು ಬೆಲ್ಟ್ ಹಿಡಿದು ಎರಡು ಸಲ ಅಲ್ಲಾಡಿಸ್ತಿದ್ರಮ್ಮಾ. 'ಇರು ನಾಗರಾಜ, ಮನೆ ಬೆಲ್ ಹೊಡೀತೀನಿ, ಎಸರಿಡ್ತಾಳೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ, ಎಲ್ಲೂ ಬಾಯಿ ಬಿಡ್ಬೇಡ' ಅಂತಿದ್ರು."

ಅಯ್ಯೋ ಇವರ! ಇಷ್ಟು ವರ್ಷ ಪತಿವ್ರತೆ ಅಂತ ಮೆರೆದೆನಲ್ಲ, ಅಷ್ಟು ವರ್ಷವೂ ಮೀಸೆಯಡಿ ನಕ್ಕುಕೊಂಡು ಮುದ್ದೆ ನುಂಗಿದ್ದಾರೆ ಪುಣ್ಯಾತ್ಮ. ಎದುರಿಗಿದ್ದಿದ್ದರೆ ಗ್ರಹಚಾರ ಬಿಡಿಸುತ್ತಿದ್ದೆ. ಎದುರಿಗೆ ಇರಬೇಕಿತ್ತು.

ನಾಗರಾಜ ನಮಸ್ಕಾರ ಮಾಡಿ ಹೊರಟ. ಮೆಟ್ಟಿಲ ಮೇಲೆ ಕಿರ್... ಕಿರ್... ಅದೇ ಸದ್ದು, ಒಂದು ಎಳೆಯೂ ಬದಲಾಗಿರಲಿಲ್ಲ. ನಾನು ದಡಬಡ ಅಡುಗೆಮನೆಗೆ ಓಡಿ ಒಲೆ ಹಚ್ಚಿ ಎಸರಿಟ್ಟೆ. ನೀರು ಕುದಿ ಬಂದಮೇಲೆ ಹೊಳೆಯಿತು, ಆ ಸದ್ದು ಇಳಿದು ಹೋಗುತ್ತಿತ್ತು, ಹತ್ತಿ ಬರುತ್ತಿರಲಿಲ್ಲ. ಕುದಿವ ಎಸರು ಚೆಲ್ಲಲು ಮನಸ್ಸು ಬರಲಿಲ್ಲ. ಹಿಟ್ಟು ಹಾಕಿ ತಿರುವಿ ಎರಡು ಮುದ್ದೆ ಕಟ್ಟಿದೆ. ಎರಡನ್ನೂ ನಾನೇ ತಿಂದೆ.